ಕೊಲಾಜಿನೇಸ್ ಪುಡಿ: ಮೊದಲ ಲಾಟ್ ಚಿನ್ನ, ಎರಡನೇದು ಕೈಕೊಟ್ಟಿತು

ಇಲಿಯ ಲಿವರ್‌ನಿಂದ ಜೀವಕೋಶ ಬಿಡಿಸಲು ತರಿಸಿದ ಪುಡಿ, ಕೋಶಗಳನ್ನು ಹಿಡಿದಿಡುವ ಕೊಲಾಜನ್ ನಾರನ್ನು ಕತ್ತರಿಸುವ ಕಿಣ್ವ. ಕಂಪನಿ ಹೆಸರು ಬೇಡ. ಕಾಸರಗೋಡಿನ ಮಳೆಗಾಲದಲ್ಲಿ ಕೊರಿಯರ್ ಗೊತ್ತಲ್ವಾ, ಮೂರು ದಿನ ತಡ, ಥರ್ಮಾಕೋಲ್ ಡಬ್ಬದಲ್ಲಿ ಐಸ್ ಪ್ಯಾಕ್ ಪೂರ್ತಿ ನೀರು.

ಆದರೂ ಮೊದಲ ಲಾಟ್ (ಒಂದು ಸಲಕ್ಕೆ ತಯಾರಾದ ಬ್ಯಾಚ್) ಸೂಪರ್. ಮೊದಲು ಕ್ಯಾಲ್ಸಿಯಂ ಇಲ್ಲದ ಬಫರ್ ದ್ರಾವಣವನ್ನು ಪಂಪಿನಿಂದ ಲಿವರ್ ಒಳಗೆ ಹಾಯಿಸಿದೆ, ಲಿವರ್ ಬಿಳಚಿಕೊಂಡಿತು, ಆಮೇಲೆ 37 ಡಿಗ್ರಿಯಲ್ಲಿ ಕ್ಯಾಲ್ಸಿಯಂ ಜೊತೆ ಇದನ್ನು ಬಿಟ್ಟರೆ ಸ್ವಲ್ಪ ಹೊತ್ತಿಗೆ ನೆನೆದ ಅವಲಕ್ಕಿ ಹಾಗೆ ಮೆತ್ತಗಾಗಿ, ಪೊರೆ ಹರಿದ ಕೂಡಲೇ ಕೋಶಗಳು ಮೋಡದ ಹಾಗೆ ಬಫರಿಗೆ ಇಳಿದವು. ಸೆಂಟ್ರಿಫ್ಯೂಜಿನಲ್ಲಿ 50 ಜಿಯಲ್ಲಿ (ಗುರುತ್ವಬಲದ ಐವತ್ತು ಪಟ್ಟು) ಮೆಲ್ಲಗೆ ತಿರುಗಿಸಿ ಟ್ರಿಪಾನ್ ಬ್ಲೂ ಬಣ್ಣ ಹಾಕಿ ನೋಡಿದೆ. ನೀಲಿ ಕುಡಿದ ಸತ್ತ ಕೋಶ ಅಲ್ಲೊಂದು ಇಲ್ಲೊಂದು, ಅಷ್ಟೇ.

ಎರಡನೇ ಲಾಟ್? ಅದೇ ಲೇಬಲ್, ಅದೇ ಬೆಲೆ, ಅರ್ಧಕ್ಕರ್ಧ ನೀಲಿ! ಫೋನ್ ಮಾಡಿದರೆ "ಪಂಪ್ ಸ್ಪೀಡ್ ನೋಡಿ ಮೇಡಂ" ಅಂತಾರೆ. ಪಂಪ್ ಅದೇ, ಕೈಯೂ ಅದೇ. ಇಂಥ ಕೋಶದಲ್ಲಿ ಸೈಟೋಕ್ರೋಮ್ ಪಿ450 (ಔಷಧಿಗಳನ್ನು ಒಡೆಯುವ ಲಿವರ್ ಕಿಣ್ವಗಳು) ಅಳೆಯೋದು ಸುಮ್ನೆ ದಂಡ, ಒಳ್ಳೆ ಕೋಶದಲ್ಲೇ ಒಂದೆರಡು ದಿನಕ್ಕೆ ಆ ಚಟುವಟಿಕೆ ಇಳಿದುಬಿಡುತ್ತದೆ.

ಐದಕ್ಕೆ ಎರಡೂವರೆ. ತಗೊಳ್ಳೋದಾದರೆ ಮೊದಲು ಸ್ಯಾಂಪಲ್ ಕೇಳಿ, ಸರಿ ಬಂದರೆ ಅದೇ ಲಾಟ್ ನಂಬರ್ ಜಾಸ್ತಿ ತರಿಸಿಡಿ.