ಗೇಮ್ ತಿದ್ದುವಾಗ ಡೇಟಾ ನೋಡಬೇಕೋ, ಆಡುವವರ ಮಾತು ಕೇಳಬೇಕೋ?

ಹಾಸನದಲ್ಲಿ ಕೂತು ಮೊಬೈಲ್ ಗೇಮ್ ಮಾಡುವ ಮೂರ್ನಾಲ್ಕು ಜನರ ತಂಡಕ್ಕೆ ಎರಡಕ್ಕೂ ಪುರುಸೊತ್ತು ಸಿಗುವುದು ಕಷ್ಟ.

ಆಟಗಾರರು ಎಲ್ಲಿ ಬಿಟ್ಟುಹೋದರು ಎಂದು ತಿಳಿಯಲು ಡೇಟಾವೇ ಸರಿ. ಪ್ರತಿ ಲೆವೆಲ್‌ಗೆ ಶುರು, ಸೋಲು, ಗೆಲುವು ಎಂದು ಮೂರು ಈವೆಂಟ್ (ಆಟದಲ್ಲಿ ಏನಾಯಿತು ಎಂದು ತಾನಾಗಿ ಬೀಳುವ ದಾಖಲೆ) ಹಾಕಿ. ಜೊತೆಗೆ ಆವೃತ್ತಿ ಸಂಖ್ಯೆಯೂ ಇರಲಿ, ಇಲ್ಲದಿದ್ದರೆ ಅಪ್‌ಡೇಟ್‌ಗೆ ಮೊದಲಿನದೂ ಆಮೇಲಿನದೂ ಕಲಸಿಹೋಗುತ್ತದೆ. ಮೂಡಿಗೆರೆ, ಕಳಸದ ಕಡೆ ನೆಟ್‌ವರ್ಕ್ ಇಲ್ಲದೆ ಆಡುವವರನ್ನು ಮರೆಯಬೇಡಿ. ಇಂಥ ದಾಖಲೆ ಒಟ್ಟುಮಾಡುವ ಗೂಗಲ್‌ನ ಫೈರ್‌ಬೇಸ್ ಸೇವೆ ಅವರ ಈವೆಂಟ್‌ಗಳನ್ನು ಫೋನಿನಲ್ಲೇ ಇಟ್ಟುಕೊಂಡು ನೆಟ್ ಸಿಕ್ಕಾಗ ಕಳಿಸುತ್ತದೆ; 72 ಗಂಟೆ ದಾಟಿ ಬಂದದ್ದು ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾಗಿ ನಿನ್ನೆಯ ಅಂಕಿ ನೋಡಿ ಇವತ್ತೇ ಲೆವೆಲ್ ಬದಲಿಸಬೇಡಿ, ಮೂರು ದಿನ ಕಾಯಿರಿ.

ಯಾಕೆ ಬಿಟ್ಟರು ಎಂಬುದನ್ನು ಡೇಟಾ ಹೇಳದು. ಲೆವೆಲ್ ಕಷ್ಟವಿದ್ದರೂ, ಬಟನ್ ಹೆಬ್ಬೆರಳಿಗೆ ಸಿಗದಿದ್ದರೂ ಗ್ರಾಫ್ ಒಂದೇ ಥರ ಬೀಳುತ್ತದೆ. ಐದಾರು ಜನರ ಕೈಗೆ ಫೋನ್ ಕೊಟ್ಟು, ಏನೂ ಹೇಳಿಕೊಡದೆ ಸುಮ್ಮನೆ ನೋಡಿ (ಆ ಚಪಲ ತಡೆಯುವುದೇ ದೊಡ್ಡ ಕೆಲಸ). ಅವರು ಹೇಳುವ ತೊಂದರೆಯನ್ನು ನಂಬಿ. ಸೂಚಿಸುವ ಪರಿಹಾರವನ್ನು ಅಷ್ಟಾಗಿ ನಂಬಬೇಡಿ. ರಿವ್ಯೂ ಬರೆಯುವವರು ಹೆಚ್ಚಾಗಿ ತುಂಬ ಖುಷಿಯಾದವರು ಇಲ್ಲವೇ ಸಿಟ್ಟಾದವರು. ಸದ್ದಿಲ್ಲದೆ ಅನ್‌ಇನ್‌ಸ್ಟಾಲ್ ಮಾಡಿದವರ ಮಾತು ಅಲ್ಲಿ ಸಿಗದು.

ದಿನಕ್ಕೆ 50 ಜನರಷ್ಟೇ ಆಡುವ ಗೇಮ್‌ನಲ್ಲಿ ಶೇಕಡಾವಾರು ನೋಡುವುದು ದಂಡ: ಇಬ್ಬರು ಬರದಿದ್ದರೆ ಸಾಕು, ಶೇ. 4 ಕುಸಿತ ಕಾಣುತ್ತದೆ. ಅಂಥಲ್ಲಿ ಆಡುವವರ ಮಾತಿಗೇ ಮೊದಲ ಮಣೆ ಹಾಕಿ.