ಚುಕ್ಕಿ ಒತ್ತಿದಾಗ ಯಾರಿಗೆ ಏನು ಗೊತ್ತು: ಆಟೋಕಂಪ್ಲೀಟ್ ಮತ್ತು ಲಿಂಟರ್‌ಗಳ ಒಂದು ಹೋಲಿಕೆ

ಎಡಿಟರ್‌ನಲ್ಲಿ ಒಂದು ಹೆಸರು ಬರೆದು ಚುಕ್ಕಿ ಒತ್ತಿದರೆ ಕೆಳಗೊಂದು ಪಟ್ಟಿ ಬಿಚ್ಚಿಕೊಳ್ಳುತ್ತದೆ, ಇದೇ ಆಟೋಕಂಪ್ಲೀಟ್. ಅದು ಎಷ್ಟು ಬೇಗ ಬಂತು, ಎಷ್ಟು ಅಂದವಾಗಿದೆ ಎಂದು ನೋಡಿ ಟೂಲ್ ಆರಿಸಿಕೊಳ್ಳುವವರೇ ಹೆಚ್ಚು. ನಾನು ಮೊದಲು ಕೇಳುವ ಪ್ರಶ್ನೆ ಬೇರೆ: ಈ ಹೆಸರುಗಳು ಇದಕ್ಕೆ ಎಲ್ಲಿಂದ ಸಿಕ್ಕವು? ಫೈಲಿನ ಅಕ್ಷರಗಳನ್ನು ತಡಕಿಯೋ, ಕೋಡಿನ ವ್ಯಾಕರಣ ಬಿಡಿಸಿಯೋ, ಕಂಪೈಲರ್ (ಕೋಡನ್ನು ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತರುವ ಪ್ರೋಗ್ರಾಮ್) ಓದುವಂತೆಯೇ ಇಡೀ ಪ್ರಾಜೆಕ್ಟ್ ಓದಿಯೋ? ತಪ್ಪು ಹುಡುಕುವ ಲಿಂಟರ್‌ಗಳಿಗೂ ಇದೇ ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕರೆ ಆ ಟೂಲ್ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಬಳಸುವ ಮೊದಲೇ ಊಹಿಸಬಹುದು.

ಪರೀಕ್ಷೆಗೆ ಇಟ್ಟುಕೊಂಡದ್ದು ಎರಡು ಪ್ರಾಜೆಕ್ಟ್. ಒಂದು, ಹಲವರ ಕೈ ದಾಟಿ ಬಂದ ಹಳೆಯ ಸಿ++ ಪ್ರೋಗ್ರಾಮ್. ಸಿಮೇಕ್ ಎಂಬ ಟೂಲ್‌ನಿಂದ ಬಿಲ್ಡ್ ಆಗುತ್ತದೆ, ಅಂದರೆ ಕೋಡಿನಿಂದ ಓಡುವ ಪ್ರೋಗ್ರಾಮ್ ತಯಾರಾಗುತ್ತದೆ. ಇನ್ನೊಂದು ಪೈಥಾನ್ ಸರ್ವರ್ ಕೋಡ್. ಅರ್ಧ ಭಾಗಕ್ಕೆ ಟೈಪ್ (ಮೌಲ್ಯ ಸಂಖ್ಯೆಯೋ ಸ್ಟ್ರಿಂಗೋ ಎಂಬ ಬಗೆ) ಬರೆದಿದೆ, ಉಳಿದರ್ಧಕ್ಕೆ ಇಲ್ಲ. ಎಡಿಟರ್ ನಿಯೋವಿಮ್, ತಾಳೆ ನೋಡಲು ವಿಎಸ್ ಕೋಡ್. ಎಡಿಟರ್ ಯಾವುದು ಎಂಬುದು ಈಗ ಮೊದಲಿನಷ್ಟು ದೊಡ್ಡ ವಿಷಯವಲ್ಲ. 2016ರಲ್ಲಿ ಮೈಕ್ರೋಸಾಫ್ಟ್ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಅನ್ನು ಎಲ್ಲರಿಗೂ ತೆರೆದಿಟ್ಟ ಮೇಲೆ, ಭಾಷೆಯ ತಿಳಿವಳಿಕೆ ಎಡಿಟರ್‌ನಿಂದ ಹೊರಬಂದು ಪ್ರತ್ಯೇಕ ಸರ್ವರ್ ಪ್ರೋಗ್ರಾಮ್ ಆಯಿತು. ನಿಯೋವಿಮ್ 2021ರಲ್ಲಿ 0.5ನೇ ಆವೃತ್ತಿಯಿಂದ, ಈಮ್ಯಾಕ್ಸ್ 2023ರಲ್ಲಿ 29ನೇ ಆವೃತ್ತಿಯಿಂದ ಆ ಸರ್ವರ್‌ಗಳ ಜೊತೆ ನೇರವಾಗಿ ಮಾತಾಡುತ್ತವೆ. ಹಾಗಾಗಿ ಇಲ್ಲಿ ಹೋಲಿಸುತ್ತಿರುವುದು ಎಡಿಟರ್‌ಗಳನ್ನಲ್ಲ, ಅವುಗಳ ಹಿಂದೆ ಕೂತು ಉತ್ತರ ಕೊಡುವವರನ್ನು.

ಸಿಟ್ಯಾಗ್ಸ್ ಮತ್ತು ಕ್ಲ್ಯಾಂಗ್‌ಡಿ

ಸಿಟ್ಯಾಗ್ಸ್ ಬಿಎಸ್‌ಡಿ ಯುನಿಕ್ಸ್ ಕಾಲದ್ದು. ಹಳೆಯ ಎಕ್ಸುಬರೆಂಟ್ ಸಿಟ್ಯಾಗ್ಸ್‌ನ ಕೊನೆಯ ಬಿಡುಗಡೆ 2009ರದು. ಈಗ ಹಾಕಿಕೊಳ್ಳಬೇಕಾದ್ದು ಅದನ್ನು ಮುಂದುವರಿಸಿರುವ ಯುನಿವರ್ಸಲ್ ಸಿಟ್ಯಾಗ್ಸ್. ಕೋಡ್ ಫೈಲ್‌ಗಳನ್ನೆಲ್ಲ ಒಮ್ಮೆ ಓದಿ, ಯಾವ ಫಂಕ್ಷನ್ ಯಾವ ಫೈಲಿನಲ್ಲಿದೆ ಎಂದು ಪುಸ್ತಕದ ಕೊನೆಯ ಪದಸೂಚಿಯಂತೆ ಒಂದು ಫೈಲ್ ಬರೆದಿಡುತ್ತದೆ, ಅಷ್ಟೇ. ಕಂಪೈಲರ್ ಬೇಡ, ಬಿಲ್ಡ್ ಬೇಡ, ಹೆಡರ್ ಫೈಲ್‌ಗಳು (ಬೇರೆಡೆಯ ಫಂಕ್ಷನ್‌ಗಳ ಘೋಷಣೆ ಇರುವವು) ಸಿಗದಿದ್ದರೂ ತೊಂದರೆಯಿಲ್ಲ.

ಅದರ ಬಲವೂ ಮಿತಿಯೂ ಅಲ್ಲೇ ಇದೆ. ಅಪರೂಪದ ಹೆಸರಿನ ಫಂಕ್ಷನ್ ಮೇಲೆ ಕರ್ಸರ್ ಇಟ್ಟು ಹಾರಿದರೆ ಗುರಿ ತಪ್ಪುವುದಿಲ್ಲ. 'ಓಪನ್' ಅಥವಾ 'ಸೈಜ್' ಥರದ ಹೆಸರಾದರೆ ಆ ಹೆಸರಿನ ಎಲ್ಲ ಕ್ಲಾಸ್‌ಗಳ ಫಂಕ್ಷನ್‌ಗಳನ್ನೂ ಮುಂದೆ ತಂದು ಸುರಿಯುತ್ತದೆ, ಆರಿಸಿಕೊಳ್ಳುವ ಕೆಲಸ ನಮ್ಮದು. ಚುಕ್ಕಿಯ ಎಡಕ್ಕಿರುವ ವೇರಿಯಬಲ್ ಯಾವ ಟೈಪಿನದು ಎಂಬುದು ಅದಕ್ಕೆ ಗೊತ್ತಿಲ್ಲ. ಟೆಂಪ್ಲೇಟ್ (ಹಲವು ಟೈಪ್‌ಗಳಿಗೆ ಒಂದೇ ಅಚ್ಚಿನ ಕೋಡ್) ಇದ್ದಲ್ಲಂತೂ ಅದರಿಂದ ಏನನ್ನೂ ನಿರೀಕ್ಷಿಸುವಂತಿಲ್ಲ.

ಕ್ಲ್ಯಾಂಗ್‌ಡಿ ಪೂರ್ತಿ ಎದುರು ತುದಿಯಲ್ಲಿದೆ. ಇದು ಸಿ++ನ ಲ್ಯಾಂಗ್ವೇಜ್ ಸರ್ವರ್, ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಯೋಜನೆಯ ಭಾಗ. ಕ್ಲ್ಯಾಂಗ್ ಕಂಪೈಲರ್ ಕೋಡ್ ಓದಲು ಬಳಸುವ ಭಾಗವನ್ನೇ ಇದೂ ಬಳಸುತ್ತದೆ. ಹಾಗಾಗಿ ಅದು ಕೊಡುವ ಪಟ್ಟಿಯಲ್ಲಿ ಆ ಜಾಗದಲ್ಲಿ ನಿಜವಾಗಿ ಸಲ್ಲುವ ಹೆಸರುಗಳಷ್ಟೇ ಇರುತ್ತವೆ. ಒಂದೇ ಹೆಸರಿನ ಫಂಕ್ಷನ್‌ಗೆ ನಾಲ್ಕು ರೂಪಗಳಿದ್ದರೆ ನಾಲ್ಕರ ಪ್ಯಾರಾಮೀಟರ್‌ಗಳನ್ನೂ ತೋರಿಸುತ್ತದೆ. ಬೇರೆ ಹೆಡರ್‌ನಲ್ಲಿರುವ ಹೆಸರನ್ನು ಆರಿಸಿದರೆ ಆ ಹೆಡರನ್ನು ಫೈಲಿನ ಮೇಲ್ಭಾಗದಲ್ಲಿ ತಾನೇ ಸೇರಿಸುತ್ತದೆ. ಈ ಒಂದು ಸೌಲಭ್ಯಕ್ಕಾಗಿಯೇ ನಾನು ಅದನ್ನು ಬಿಡಲಾರೆ.

ಆದರೆ ಕಂಪೈಲರ್‌ನಂತೆ ಓದಬೇಕಾದರೆ ಕಂಪೈಲರ್‌ಗೆ ಕೊಡುವ ಆಯ್ಕೆಗಳೂ ಅದಕ್ಕೆ ಗೊತ್ತಿರಬೇಕು. ಯಾವ ಫೈಲನ್ನು ಯಾವ ಆಯ್ಕೆಗಳೊಂದಿಗೆ ಕಂಪೈಲ್ ಮಾಡುತ್ತಾರೆ ಎಂಬ ಜೇಸನ್ ಪಟ್ಟಿಯೊಂದು ಸಾಮಾನ್ಯವಾಗಿ ಪ್ರಾಜೆಕ್ಟಿನಲ್ಲಿ ಇರಬೇಕು. ಸಿಮೇಕ್‌ನಲ್ಲಿ ಒಂದು ಆಯ್ಕೆ ಆನ್ ಮಾಡಿದರೆ ಅದು ತಾನಾಗಿ ತಯಾರಾಗುತ್ತದೆ. ಬರೀ ಮೇಕ್‌ಫೈಲ್ ಇದ್ದರೆ ಬೇರ್ ಎಂಬ ಟೂಲ್ ಬಿಲ್ಡ್ ನಡೆಯುವಾಗ ಗಮನಿಸಿ ಬರೆದುಕೊಡುತ್ತದೆ. ಈ ಪಟ್ಟಿ ಇಲ್ಲದಿದ್ದರೆ ಕ್ಲ್ಯಾಂಗ್‌ಡಿ ಊಹೆಯ ಮೇಲೆ ನಡೆಯುತ್ತದೆ, ಹೆಡರ್ ಸಿಗಲಿಲ್ಲವೆಂದು ಫೈಲಿನ ತುಂಬ ಕೆಂಪು ಗೆರೆ ಎಳೆಯುತ್ತದೆ. 'ಕ್ಲ್ಯಾಂಗ್‌ಡಿ ಸರಿಯಿಲ್ಲ' ಎಂದು ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಈ ಫೈಲ್ ಇದೆಯೋ ಇಲ್ಲವೋ ಎಂದು.

ವೇಗದ ವಿಚಾರದಲ್ಲಿ ಒಂದು ಸೂಕ್ಷ್ಮವಿದೆ. ಫೈಲಿನ ಆರಂಭದ ಇನ್‌ಕ್ಲೂಡ್ ಸಾಲುಗಳನ್ನು ಕ್ಲ್ಯಾಂಗ್‌ಡಿ ಒಮ್ಮೆ ಕಂಪೈಲ್ ಮಾಡಿ ಇಟ್ಟುಕೊಳ್ಳುತ್ತದೆ. ಆಮೇಲೆ ಕೆಳಗೆ ಏನೇ ಬದಲಿಸಿದರೂ ಅದನ್ನೇ ಮರುಬಳಕೆ ಮಾಡುತ್ತದೆ. ಹಾಗಾಗಿ ಫಂಕ್ಷನ್ ಒಳಗೆ ಬರೆಯುವಾಗ ಪಟ್ಟಿ ಕೂಡಲೇ ಬರುತ್ತದೆ, ಹೊಸ ಇನ್‌ಕ್ಲೂಡ್ ಸೇರಿಸಿದಾಗ ಮಾತ್ರ ಕ್ಷಣ ತಡವರಿಸುತ್ತದೆ. ಪ್ರಾಜೆಕ್ಟನ್ನು ಮೊದಲ ಸಲ ತೆರೆದಾಗ ಹಿನ್ನೆಲೆಯಲ್ಲಿ ಇಡೀ ಕೋಡಿನ ಸೂಚಿ ಕಟ್ಟುತ್ತದೆ. ಆಗ ಪ್ರೊಸೆಸರ್ ಬಿಸಿಯಾಗುವುದು ನಿಜ, ಆದರೆ ಸೂಚಿ ಡಿಸ್ಕಿನಲ್ಲಿ ಉಳಿಯುವುದರಿಂದ ಮುಂದಿನ ಸಲ ಆ ಕಾಟವಿಲ್ಲ. ಮೆಮೊರಿ ಮಾತ್ರ ಧಾರಾಳವಾಗಿ ನುಂಗುತ್ತದೆ.

ದಿನನಿತ್ಯದ ಕೆಲಸಕ್ಕೆ ಕ್ಲ್ಯಾಂಗ್‌ಡಿ, ಇದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಸಿಟ್ಯಾಗ್ಸ್ ತೆಗೆದುಹಾಕಿಲ್ಲ. ಬಿಲ್ಡ್ ಆಗದ ಹಳೆಯ ಕೋಡ್ ಕೈಗೆ ಬಂದಾಗ, ಅಥವಾ ಎಲ್ಲೋ ದೂರದ ಸರ್ವರ್‌ನಲ್ಲಿ ಬರಿಯ ವಿಮ್ ಇಟ್ಟುಕೊಂಡು ಕೋಡ್ ಓದಬೇಕಾದಾಗ, ಏನೂ ಕೇಳದೆ ಕೆಲಸ ಮಾಡುವುದು ಅದೊಂದೇ.

ಸಿಪಿಪಿಚೆಕ್ ಮತ್ತು ಕ್ಲ್ಯಾಂಗ್-ಟೈಡಿ

ತಪ್ಪು ಹುಡುಕುವಲ್ಲಿಯೂ ಇದೇ ಜೋಡಿಯ ಇನ್ನೊಂದು ರೂಪ ಕಾಣುತ್ತದೆ. 2007ರಲ್ಲಿ ಶುರುವಾದ ಸಿಪಿಪಿಚೆಕ್‌ಗೆ ತನ್ನದೇ ಪಾರ್ಸರ್ ಇದೆ, ಹೆಡರ್ ಸಿಗದಿದ್ದರೂ ಸಿಕ್ಕಷ್ಟನ್ನು ಓದಿ ಮುಂದೆ ಹೋಗುತ್ತದೆ. ಸುಳ್ಳು ಎಚ್ಚರಿಕೆ ಕಡಿಮೆ ಇರಬೇಕು ಎಂಬುದು ಅದರ ಘೋಷಿತ ಗುರಿ. ಹಳೆಯ ಕೋಡಿನಲ್ಲಿ ಅದು ಹಿಡಿದು ಕೊಟ್ಟವುಗಳಲ್ಲಿ ನನಗೆ ಬಲು ಮೆಚ್ಚುಗೆಯಾದದ್ದು ಒಂದು ಬಗೆಯದು: ಮೇಲಿನ ಸಾಲಿನಲ್ಲಿ ಪಾಯಿಂಟರನ್ನು (ಮೆಮೊರಿಯ ವಿಳಾಸವನ್ನು) ಬಳಸಿಬಿಟ್ಟು, ಕೆಳಗಿನ ಸಾಲಿನಲ್ಲಿ ಅದು ನಲ್ (ಖಾಲಿ) ಹೌದೇ ಎಂದು ಪರೀಕ್ಷಿಸುವ ಕೋಡ್. ಒಂದೋ ಕೆಳಗಿನ ಪರೀಕ್ಷೆ ಅನಗತ್ಯ, ಇಲ್ಲವೇ ಮೇಲಿನ ಬಳಕೆ ಅಪಾಯ. ಸಿಪಿಪಿಚೆಕ್ ಹೇಳುವುದೂ ಹಾಗೆಯೇ. ಎರಡರಲ್ಲಿ ಯಾವುದು ಎಂಬ ತೀರ್ಮಾನವನ್ನು ಕೋಡ್ ಬಲ್ಲವರಿಗೆ ಬಿಡುತ್ತದೆ.

ಕ್ಲ್ಯಾಂಗ್ ಕಂಪೈಲರ್‌ನ ಓದುವ ಭಾಗವನ್ನೇ ಬಳಸುವ ಕ್ಲ್ಯಾಂಗ್-ಟೈಡಿ ಆಳವಾಗಿ ನೋಡುತ್ತದೆ. ಮೂವ್ ಮಾಡಿದ (ಒಳಗಿನದನ್ನು ಬೇರೆಡೆಗೆ ಸಾಗಿಸಿದ) ಮೇಲೆ ಮತ್ತೆ ಅದೇ ವೇರಿಯಬಲ್ ಬಳಸುವುದನ್ನು ಹಿಡಿಯುವ ಪರೀಕ್ಷೆಯೊಂದಕ್ಕಾಗಿಯೇ ಅದನ್ನು ಇಟ್ಟುಕೊಳ್ಳಬಹುದು. ತೊಂದರೆ ಬರುವುದು ಎಲ್ಲವನ್ನೂ ಒಟ್ಟಿಗೆ ಆನ್ ಮಾಡಿದಾಗ. ಫಂಕ್ಷನ್ ರಿಟರ್ನ್ ಟೈಪನ್ನು ಹೊಸ ಶೈಲಿಯಲ್ಲಿ ಬರೆಯಿರಿ, ಬಿಡಿ ಸಂಖ್ಯೆಗೆ ಹೆಸರು ಕೊಡಿ ಎಂಬಂಥ ಸಲಹೆಗಳೇ ಪರದೆ ತುಂಬಿ, ಅಸಲಿ ದೋಷ ಅವುಗಳ ನಡುವೆ ಮುಳುಗಿಹೋಗುತ್ತದೆ. ನಾನು ಎಲ್ಲವನ್ನೂ ಆಫ್ ಮಾಡಿ, ಬಗ್‌ಪ್ರೋನ್ ಮತ್ತು ಪರ್ಫಾರ್ಮೆನ್ಸ್ ಗುಂಪುಗಳನ್ನು ಮಾತ್ರ ಆನ್ ಮಾಡಿ, ಮಾಡರ್ನೈಸ್ ಗುಂಪಿನಿಂದ ಬೇಕಾದ್ದನ್ನು ಒಂದೊಂದಾಗಿ ಆರಿಸಿದ್ದೇನೆ. ಈ ಆಯ್ಕೆಯ ಕೆಲಸವನ್ನು ಹಗುರವಾಗಿ ನೋಡಬಾರದು. 2014ರಲ್ಲಿ ಆಪಲ್‌ನ ಟಿಎಲ್‌ಎಸ್ (ಸುರಕ್ಷಿತ ಸಂಪರ್ಕದ) ಕೋಡಿನಲ್ಲಿ ಒಂದು ಗೋಟೂ (ಬೇರೆ ಜಾಗಕ್ಕೆ ಹಾರುವ) ಸಾಲು ಎರಡು ಬಾರಿ ಬಂದು, ಸರ್ವರಿನ ಸಹಿ ಪರೀಕ್ಷೆಯೇ ತಪ್ಪಿಹೋಗುತ್ತಿತ್ತು. ತಲುಪಲಾಗದ ಕೋಡಿಗೆ ಎಚ್ಚರಿಕೆ ಕೊಡುವ ಆಯ್ಕೆ ಕ್ಲ್ಯಾಂಗ್‌ನಲ್ಲಿ ಆಗಲೇ ಇತ್ತು, ಆದರೆ ಹೆಚ್ಚಿನವರು ಆನ್ ಮಾಡುವ 'ಆಲ್' ಗುಂಪಿನಲ್ಲಿ ಅದು ಸೇರಿರಲಿಲ್ಲ.

ಕ್ಲ್ಯಾಂಗ್‌ಡಿ ಒಳಗೇ ಟೈಡಿಯ ಬಹುಪಾಲು ಪರೀಕ್ಷೆಗಳು ನಡೆಯುತ್ತವೆ, ಬರೆಯುತ್ತಿದ್ದಂತೆ ಎಚ್ಚರಿಕೆ ಸಿಗುತ್ತದೆ. ಕೋಡಿನ ಒಂದೊಂದು ದಾರಿಯನ್ನೂ ಹಿಂಬಾಲಿಸಿ ನೋಡುವ ಕ್ಲ್ಯಾಂಗ್ ಅನಲೈಜರ್ ಪರೀಕ್ಷೆಗಳು ಮಾತ್ರ ಎಡಿಟರ್‌ನಲ್ಲಿ ಓಡುವುದಿಲ್ಲ. ಅವನ್ನು ಬಿಲ್ಡ್ ಜೊತೆ ಪ್ರತ್ಯೇಕವಾಗಿ ಓಡಿಸಬೇಕು. ಈ ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ಟೈಡಿ. ಆದರೆ ಸಿಪಿಪಿಚೆಕ್ ಹಿಡಿದ ಎಲ್ಲವನ್ನೂ ಟೈಡಿ ಹಿಡಿಯಲಿಲ್ಲ, ಟೈಡಿ ಹಿಡಿದದ್ದನ್ನು ಸಿಪಿಪಿಚೆಕ್ ಹಿಡಿಯಲಿಲ್ಲ, ಹಾಗಾಗಿ ಎರಡನ್ನೂ ಉಳಿಸಿಕೊಂಡೆ.

ಪೈಥಾನ್: ಜೆಡೈ, ಪೈರೈಟ್, ಮೈಪೈ

ಪೈಥಾನ್‌ನಲ್ಲಿ ಕಂಪೈಲರ್‌ನ ಆಸರೆ ಇಲ್ಲ, ಟೂಲ್‌ಗಳು ಟೈಪನ್ನು ತಾವೇ ಕಂಡುಹಿಡಿಯಬೇಕು. ಜೆಡೈ ಬಹಳ ಕಾಲದಿಂದ ಇದನ್ನು ಮಾಡುತ್ತ ಬಂದಿದೆ. ಪೈಥಾನ್‌ನಲ್ಲೇ ಬರೆದದ್ದು, ಸೆಟಪ್ ಹೆಚ್ಚು ಕೇಳುವುದಿಲ್ಲ, ಟೈಪ್ ಬರೆಯದ ಕೋಡಿನಲ್ಲೂ ಮೌಲ್ಯ ಎಲ್ಲಿಂದ ಹರಿದು ಬಂತೆಂದು ಹಿಂದೆ ಹಿಂದೆ ಹೋಗಿ ನೋಡುತ್ತದೆ. ದೊಡ್ಡ ಲೈಬ್ರರಿಯನ್ನು ಮೊದಲ ಸಲ ಮುಟ್ಟಿದಾಗ ನಿಧಾನ. ಟೈಪ್ ತಪ್ಪಿದ್ದರೆ ಹೇಳುವುದು ಅದರ ಕೆಲಸವಲ್ಲ.

ಪೈರೈಟ್ ಮೂಲತಃ ಟೈಪ್ ಪರೀಕ್ಷಕ, ಆಟೋಕಂಪ್ಲೀಟ್ ಅದರ ಜೊತೆಗೆ ಬರುತ್ತದೆ. ಟೈಪ್‌ಸ್ಕ್ರಿಪ್ಟ್‌ನಲ್ಲಿ ಬರೆದಿರುವುದರಿಂದ ಓಡಿಸಲು ನೋಡ್ ಜೆಎಸ್ ಬೇಕಾಗುತ್ತದೆ. ಪೈಥಾನ್ ಕೆಲಸಕ್ಕೆ ನೋಡ್ ಹಾಕಿಕೊಳ್ಳುವುದು ಕೆಲವರಿಗೆ ಕಿರಿಕಿರಿ. ವಿಎಸ್ ಕೋಡ್‌ನಲ್ಲಿ ಸಿಗುವ ಪೈಲ್ಯಾನ್ಸ್ ಇದರ ಮೇಲೆಯೇ ಕಟ್ಟಿದ್ದು, ಆದರೆ ಅದರ ಮೂಲ ಕೋಡ್ ತೆರೆದಿಲ್ಲ, ಪರವಾನಗಿ ಪ್ರಕಾರ ಮೈಕ್ರೋಸಾಫ್ಟ್ ಉತ್ಪನ್ನಗಳ ಹೊರಗೆ ಬಳಸುವಂತಿಲ್ಲ. ನಿಯೋವಿಮ್ ಬಳಸುವವರಿಗೆ ಪೈರೈಟ್ ಇದೆ, ಪೈಲ್ಯಾನ್ಸ್‌ನ ಕೆಲವು ಸೌಲಭ್ಯಗಳನ್ನು ಮುಕ್ತವಾಗಿ ಕಟ್ಟಿಕೊಟ್ಟಿರುವ ಬೇಸ್ಡ್‌ಪೈರೈಟ್ ಇದೆ.

ಮೈಪೈಯೂ ಟೈಪ್ ಪರೀಕ್ಷಕವೇ, ಹಾಗಾಗಿ ಅದು ಮತ್ತು ಪೈರೈಟ್ ಎರಡೂ ಒಂದೇ ಕೆಲಸ ಮಾಡುತ್ತವೆ ಎಂದು ಮೇಲ್ನೋಟಕ್ಕೆ ಅನಿಸಬಹುದು. ಅರ್ಧ ಟೈಪ್ ಬರೆದ ನನ್ನಂಥ ಕೋಡಿನಲ್ಲಿ ಅವುಗಳ ನಡುವೆ ಅಜಗಜಾಂತರ. ಟೈಪ್ ಬರೆಯದ ಫಂಕ್ಷನ್‌ನ ಒಳಗೆ ಮೈಪೈ ಸಾಮಾನ್ಯವಾಗಿ ಇಣುಕುವುದೇ ಇಲ್ಲ, ಅದಕ್ಕೆ ಬೇರೆ ಆಯ್ಕೆ ಆನ್ ಮಾಡಬೇಕು. ಅಂಥ ಫಂಕ್ಷನ್ ಏನು ಹಿಂದಿರುಗಿಸಿದರೂ 'ಯಾವುದಾದರೂ ಆಗಬಹುದು' ಎಂದು ಬಿಟ್ಟುಬಿಡುತ್ತದೆ. ಪೈರೈಟ್ ಒಳಹೊಕ್ಕು ನೋಡಿ ರಿಟರ್ನ್ ಟೈಪನ್ನು ತಾನೇ ಊಹಿಸುತ್ತದೆ. ಮೈಪೈ ಮೌನವಾಗಿ ದಾಟಿಸಿದ ಫೈಲ್‌ಗಳಲ್ಲಿ, ಮೌಲ್ಯ 'ನನ್' (ಪೈಥಾನ್‌ನಲ್ಲಿ ಏನೂ ಇಲ್ಲ ಎಂಬುದರ ಗುರುತು) ಆಗಿರಬಹುದಾದ ಜಾಗಗಳನ್ನು ಪೈರೈಟ್ ತೋರಿಸಿತು. ಇನ್ನೊಂದೆಡೆ ಮೈಪೈ ಬಿಗಿ: ಒಂದು ವೇರಿಯಬಲ್‌ಗೆ ಮೊದಲು ಸಂಖ್ಯೆ ಕೊಟ್ಟು ಆಮೇಲೆ ಸ್ಟ್ರಿಂಗ್ ಕೊಟ್ಟರೆ ತಕರಾರು ತೆಗೆಯುತ್ತದೆ. ಟೈಪ್ ಘೋಷಿಸದ ವೇರಿಯಬಲ್ ಆದರೆ ಪೈರೈಟ್ ಅದನ್ನು ಒಪ್ಪಿಕೊಂಡು, ಪ್ರತಿ ಸಾಲಿನಲ್ಲೂ ಈಗ ಅದು ಯಾವ ಟೈಪ್ ಎಂದು ಲೆಕ್ಕ ಇಡುತ್ತದೆ.

ಎಡಿಟರ್‌ನಲ್ಲಿ ಪೈರೈಟ್ ಗೆಲ್ಲುತ್ತದೆ. ಆದರೆ ಜಾಂಗೋದಂಥ ಫ್ರೇಮ್‌ವರ್ಕ್ ಬಳಸಿದರೆ ಮೈಪೈ ಬಿಡುವಂತಿಲ್ಲ. ಅಲ್ಲಿನ ಕ್ಲಾಸ್‌ಗಳ ಎಷ್ಟೋ ಗುಣಗಳು ಪ್ರೋಗ್ರಾಮ್ ಓಡುವಾಗ ಹುಟ್ಟುತ್ತವೆ. ಅವನ್ನು ವಿವರಿಸಲು ಮೈಪೈಗೆ ಪ್ಲಗಿನ್ ಇದೆ, ಪೈರೈಟ್ ಪ್ಲಗಿನ್‌ಗಳಿಗೆ ಅವಕಾಶವನ್ನೇ ಕೊಟ್ಟಿಲ್ಲ.

ಪೈಲಿಂಟ್, ಫ್ಲೇಕ್8, ರಫ್

ಇವು ಪೈಥಾನ್‌ನ ಲಿಂಟರ್‌ಗಳು. ಇಲ್ಲಿ ಹೇಳುವುದು ಕಡಿಮೆ. ರಸ್ಟ್‌ನಲ್ಲಿ ಬರೆದ ರಫ್ 2022ರಲ್ಲಿ ಬಂದಮೇಲೆ ಫ್ಲೇಕ್8 ಉಳಿಸಿಕೊಳ್ಳಲು ನನಗೆ ಕಾರಣ ಉಳಿಯಲಿಲ್ಲ. ಫ್ಲೇಕ್8 ಮತ್ತು ಅದರ ಜನಪ್ರಿಯ ಪ್ಲಗಿನ್‌ಗಳ ನಿಯಮಗಳೂ ಸೇರಿ 800ಕ್ಕೂ ಹೆಚ್ಚು ನಿಯಮಗಳು ಅದರಲ್ಲಿವೆ, ಇಂಪೋರ್ಟ್ ಜೋಡಿಸುವುದೂ ಕೋಡ್ ಒಪ್ಪ ಮಾಡುವುದೂ ಅದೇ ಟೂಲ್. ಸೇವ್ ಮಾಡುವಷ್ಟರಲ್ಲಿ ಉತ್ತರ ಬಂದಿರುತ್ತದೆ.

ಪೈಲಿಂಟ್ ವಿಷಯ ಬೇರೆ. ಅದು ನಿಧಾನ, ಏಕೆಂದರೆ ಫೈಲಿನಿಂದ ಫೈಲಿಗೆ ಹೋಗಿ ಈ ವಸ್ತುವಿಗೆ ಈ ಹೆಸರಿನ ಮೆಥಡ್ ಇದೆಯೇ ಎಂದು ಹುಡುಕುತ್ತದೆ. ರಫ್ ಲಿಂಟರ್ ಆ ಬಗೆಯ ಟೈಪ್ ಹುಡುಕಾಟಕ್ಕೆ ಇಳಿಯುವುದಿಲ್ಲ. ಜೊತೆಗೆ ಪೈರೈಟ್ ಇದ್ದರೆ ಆ ಕೆಲಸ ಪೈರೈಟ್ ಮಾಡುತ್ತದೆ. ಟೈಪ್ ಪರೀಕ್ಷಕವನ್ನೇ ಬಳಸದ ತಂಡ ಪೈಲಿಂಟ್ ಬಿಟ್ಟು ರಫ್‌ಗೆ ಹೋದರೆ ಮಾತ್ರ, ವೇಗ ಸಿಕ್ಕ ಖುಷಿಯಲ್ಲಿ ಒಂದು ಇಡೀ ಬಗೆಯ ಪರೀಕ್ಷೆ ಕಳೆದುಕೊಂಡದ್ದು ಗಮನಕ್ಕೆ ಬರುವುದಿಲ್ಲ.

ಎಐ ಸಲಹೆಗಳನ್ನು ಈ ಸಾಲಿಗೆ ಸೇರಿಸಬೇಕೇ ಎಂದು ಯೋಚಿಸಿದೆ. 2022ರಿಂದ ಎಲ್ಲರಿಗೂ ಸಿಗುತ್ತಿರುವ ಗಿಟ್‌ಹಬ್ ಕೋಪೈಲಟ್ ಆಗಲಿ, ಅದರ ಪ್ರತಿಸ್ಪರ್ಧಿಗಳಾಗಲಿ, ಸಾಲುಗಟ್ಟಲೆ ಕೋಡ್ ಮುಂದಿಡುತ್ತವೆ. ಆದರೆ ಲ್ಯಾಂಗ್ವೇಜ್ ಸರ್ವರ್ ಹೇಳುವುದು ಪ್ರಾಜೆಕ್ಟಿನಲ್ಲಿ ಇರುವುದನ್ನು, ಇವು ಹೇಳುವುದು ಇರಬಹುದಾದದ್ದನ್ನು. ಇಲ್ಲದ ಮೆಥಡ್ಡಿನ ಹೆಸರನ್ನೂ ಅಷ್ಟೇ ಧೈರ್ಯವಾಗಿ ಬರೆದುಕೊಡುತ್ತವೆ. ಅಂಥ ಸಾಲನ್ನು ಒಪ್ಪಿಕೊಂಡ ಮರುಕ್ಷಣ ಪೈರೈಟ್ ಅಥವಾ ಕ್ಲ್ಯಾಂಗ್‌ಡಿ ಅದರ ಕೆಳಗೆ ಗೆರೆ ಎಳೆಯಬೇಕು. ಆ ಕಾವಲು ಇಲ್ಲದ ಎಡಿಟರ್‌ನಲ್ಲಿ ನಾನು ಅವನ್ನು ಆನ್ ಮಾಡುವುದಿಲ್ಲ. ಆಟೋಕಂಪ್ಲೀಟ್ ಪಟ್ಟಿಗೂ ಎಐ ಸಲಹೆಗೂ ಟ್ಯಾಬ್ ಕೀಲಿಯೇ ಬೇಕು, ಆದ್ದರಿಂದ ಎಐ ಸಲಹೆ ಒಪ್ಪಲು ಬೇರೆ ಕೀಲಿ ಇಟ್ಟುಕೊಂಡಿದ್ದೇನೆ.

ಯಾವ ಜೋಡಿ ಆರಿಸಿದರೂ ಸುಳ್ಳು ಎಚ್ಚರಿಕೆಗಳು ಕೆಲವಾದರೂ ಬರುತ್ತವೆ. ಎಲ್ಲ ಪ್ರೋಗ್ರಾಮ್‌ಗಳ ನಡವಳಿಕೆಯನ್ನೂ ತಪ್ಪಿಲ್ಲದೆ ತೀರ್ಮಾನಿಸುವ ವಿಧಾನ ಇರಲಾರದು ಎಂದು 1953ರಲ್ಲೇ ರೈಸ್ ಪ್ರಮೇಯ ಸಾಧಿಸಿದೆ. ಸುಳ್ಳು ಎಚ್ಚರಿಕೆ ಬಂದ ಸಾಲನ್ನು ಕಾಮೆಂಟ್ ಹಾಕಿ ಸುಮ್ಮನಾಗಿಸುವಾಗ ಯಾವ ನಿಯಮ ಎಂದು ಹೆಸರಿಸಿ ಬರೆಯಬೇಕು. ಬರೀ 'ಕಡೆಗಣಿಸು' ಎಂದು ಬರೆದರೆ ನಾಳೆ ಅದೇ ಸಾಲಿಗೆ ಬರುವ ಅಸಲಿ ದೋಷವೂ ಮುಚ್ಚಿಹೋಗುತ್ತದೆ. ಕೋಡ್ ಬದಲಾದ ಮೇಲೆ ಅರ್ಥ ಕಳೆದುಕೊಂಡ ಇಂಥ ಕಾಮೆಂಟ್‌ಗಳನ್ನು ಹುಡುಕಿ ಕೊಡುವ ಆಯ್ಕೆ ಮೈಪೈ, ಪೈರೈಟ್, ರಫ್ ಮೂರರಲ್ಲೂ ಇದೆ, ಮೂರರಲ್ಲೂ ನಾವೇ ಆನ್ ಮಾಡಬೇಕು.