ಅಂಬಾಸಿಡರ್ ಮುಂಭಾಗ ಪೂರ್ತಿ ಬದಲಾಯಿಸಿದ ಮೇಲೆ: ಕೆಲವು ಮಳೆಗಾಲ ಓಡಿಸಿ ಬರೆದ ವಿಮರ್ಶೆ

ಗಾಡಿ ಹಳೇ ಅಂಬಾಸಿಡರ್ ಮಾರ್ಕ್ 2. ಹಿಂದಿನ ಮಾಲೀಕರ ಕಾಲದಲ್ಲಿ ಯಾವಾಗಲೋ ಮುಂದಿನ ಎಡಮೂಲೆಗೆ ಜೋರಾಗಿ ಏಟು ಬಿದ್ದಿತ್ತು. ಬೆಂಗಳೂರಿನ ಒಂದು ಗ್ಯಾರೇಜ್‌ನಲ್ಲಿ ಆ ಮುಂಭಾಗವನ್ನೇ ಕತ್ತರಿಸಿ ತೆಗೆದು, ಗುಜರಿಗೆ ಹೋದ ಇನ್ನೊಂದು ಅಂಬಾಸಿಡರ್‌ನ ಒಳ್ಳೇ ಮುಂಭಾಗ ಕೂರಿಸಿದರು. ಗ್ಯಾರೇಜ್‌ನಿಂದ ಬಂದ ವಾರ ಯಾವ ಗಾಡಿಯಾದರೂ ಚೆನ್ನಾಗೇ ಕಾಣುತ್ತೆ, ಅದಕ್ಕೇ ಆಗ ಬರೆಯಲಿಲ್ಲ. ಈಗ ಕೆಲವು ಮಳೆಗಾಲ ಕಳೆದಿವೆ. ಮೈಸೂರು, ಹಾಸನ, ಕೋಲಾರ ಅಂತ ಸುತ್ತಿ ಬಂದಿದೆ, ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಿಂತಿದೆ, ನಮ್ಮ ಏರಿಯಾದ ಹಂಪುಗಳನ್ನೆಲ್ಲ ಹತ್ತಿ ಇಳಿದಿದೆ. ಅಳತೆ ಮತ್ತು ವೆಲ್ಡಿಂಗ್‌ಗೆ ನನ್ನ ಪೂರ್ತಿ ಅಂಕ. ಸಂದುಗಳ ಸೀಲಿಂಗ್‌ಗೆ ಅರ್ಧ. ಹೇಳಿದ ದಿನಕ್ಕೆ ಕೊಡುವ ವಿಷಯದಲ್ಲಿ ಅಂಕ ಕೊಡೋಕೆ ಏನೂ ಇಲ್ಲ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಅಂಬಾಸಿಡರ್ ಅಂದರೆ ಲಾರಿ ತರಹ ಕೆಳಗೆ ಬೇರೆ ಛಾಸಿ (ಭಾರ ಹೊರುವ ಚೌಕಟ್ಟು), ಅದರ ಮೇಲೆ ಬಾಡಿ ಅಂತ ತುಂಬಾ ಜನ ನಂಬಿದ್ದಾರೆ. ಹಾಗಿಲ್ಲ. ಇದು ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಅನ್ನೋ ಬ್ರಿಟಿಷ್ ಕಾರಿನ ಮೇಲೆ ಮಾಡಿದ ಗಾಡಿ, ಬಾಡಿಯೇ ಛಾಸಿ. ಫೈರ್‌ವಾಲ್‌ನಿಂದ (ಎಂಜಿನ್‌ಗೂ ನಾವು ಕೂರುವ ಜಾಗಕ್ಕೂ ನಡುವಿನ ಗೋಡೆ) ಮುಂದಕ್ಕೆ ಚಾಚಿದ ಎರಡು ಕಾಲುಗಳು, ಅವುಗಳ ಮೇಲೆ ಒಳಗಿನ ಏಪ್ರನ್‌ಗಳು (ಚಕ್ರದ ಒಳಬದಿಯ ಶೀಟು ಗೋಡೆಗಳು), ಮುಂದೆ ರೇಡಿಯೇಟರ್ ಹಿಡಿಯುವ ಪ್ಯಾನಲ್, ಎಲ್ಲ ಸೇರಿ ಒಂದೇ ಕಟ್ಟು. ಎಂಜಿನ್ ಭಾರ, ಸಸ್ಪೆನ್ಷನ್ ಏಟು, ಸ್ಟೇರಿಂಗ್ ಎಳೆತ ಎಲ್ಲಾ ಬೀಳೋದು ಇದರ ಮೇಲೇ. ಬಾನೆಟ್, ಮಡ್‌ಗಾರ್ಡ್ ಬೋಲ್ಟ್ ಬಿಚ್ಚಿದರೆ ಬರುತ್ತವೆ, ಹೊಸದು ಹಾಕಿದರೆ ಹೊರಗಿನಿಂದ ಗಾಡಿ ಹೊಸದೇ. ಒಳಗಿನ ಕಾಲು ಸೊಟ್ಟಗಿದ್ದರೆ ಮಾತ್ರ ಆ ಹೊಸ ಬಾನೆಟ್ ಯಾವತ್ತೂ ನೆಟ್ಟಗೆ ಕೂರಲ್ಲ.

ನಮ್ಮ ಗಾಡಿಯಲ್ಲಿ ಆಗಿದ್ದೂ ಅದೇ. ಎಡಗಡೆ ಮುಂದಿನ ಟೈರ್ ಒಳಬದಿ ಮಾತ್ರ ಸವೆಯುತ್ತಿತ್ತು. ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದರೂ ಸ್ವಲ್ಪ ದಿನದಲ್ಲಿ ಮತ್ತೆ ಎಡಕ್ಕೆ ಎಳೆತ. ಮ್ಯಾಗ್ನೆಟ್ ಹಿಡಿದರೆ ಏಪ್ರನ್ ಮೇಲೆ ಅಂಟಲೇ ಇಲ್ಲ. ಕೆರೆದು ನೋಡಿದರೆ ಬೆರಳು ದಪ್ಪ ಪುಟ್ಟಿ, ಅದರ ಕೆಳಗೆ ಗ್ಯಾಸ್ ವೆಲ್ಡಿಂಗ್‌ನಲ್ಲಿ ಅಂಟಿಸಿದ ಪಟ್ಟಿಗಳು, ಒಂದರ ಮೇಲೆ ಇನ್ನೊಂದು. ಬ್ಯಾಟರಿ ಟ್ರೇ ಕೆಳಗೆ ಆಸಿಡ್ ಸೋರಿ ಶೀಟು ಪುಡಿಪುಡಿ, ಸ್ಕ್ರೂಡ್ರೈವರ್ ಒತ್ತಿದರೆ ಆ ಕಡೆ ಹೊರಗೆ ಬಂತು.

ಇಂಥ ಗಾಡಿಗೆ ಮೂರು ದಾರಿ. ಎಳೆದು ನೆಟ್ಟಗೆ ಮಾಡೋದು, ಹೊಸ ಶೀಟಿನಲ್ಲಿ ಮಾಡಿ ಹಾಕೋದು, ಇಲ್ಲವೇ ಬೇರೆ ಗಾಡಿಯಿಂದ ಕತ್ತರಿಸಿದ ಮುಂಭಾಗ, ಅಂದರೆ ಕಟಿಂಗ್, ತರೋದು. ತುಕ್ಕು ತಿಂದ ಶೀಟನ್ನು ಎಳೆದರೆ ಹರಿಯುತ್ತದೆ, ಹಾಗಾಗಿ ಮೊದಲನೇದು ಬಿಟ್ಟೆವು. ಪೀಣ್ಯದಲ್ಲಿ ಶೀಟು ಬೆಂಡ್ ಮಾಡಿಸಿ ಕಾಲು ಮಾಡಬಹುದು, ಮಾಡಿಸಿದವರೂ ಇದ್ದಾರೆ. ಆದರೆ ಕಂಪನಿ ಪ್ರೆಸ್‌ನಲ್ಲಿ ಒತ್ತಿದ ಏಣು, ತೂತು, ಎಂಜಿನ್ ಮೌಂಟಿಂಗ್ ಜಾಗ ಎಲ್ಲ ಕೈಯಲ್ಲಿ ತರೋದು ಕಷ್ಟ. ನಾನು ಕಟಿಂಗ್‌ಗೇ ಹಠ ಹಿಡಿದೆ. ನಮ್ಮದರ ಹಾಗೆ 1489 ಸಿಸಿ ಎಂಜಿನ್ ಗಾಡಿಯದ್ದೇ ಬೇಕು ಅಂತಲೂ ಹೇಳಿದೆ, ಯಾಕಂದರೆ ಇಸುಜು ಎಂಜಿನ್ ಇದ್ದ ಗಾಡಿಗಳಲ್ಲಿ ಎಂಜಿನ್ ಕೂರುವ ಜಾಗ ಹೊಂದುವುದಿಲ್ಲ. ಶಿವಾಜಿನಗರದ ಗುಜರಿಯಲ್ಲಿ ಗ್ರಿಲ್, ಲೈಟ್ ರಿಂಗ್, ಸಣ್ಣಪುಟ್ಟ ಬ್ರಾಕೆಟ್ ಸಿಕ್ಕಿದವು. ಪೂರ್ತಿ ಮುಂಭಾಗ ಸಿಕ್ಕಿದ್ದು ಊರ ಹೊರಗೆ, ಒಂದು ಶೆಡ್‌ನಲ್ಲಿ ನಿಂತಿದ್ದ ಮಾರ್ಕ್ 4ರಲ್ಲಿ. ಮಾರ್ಕ್ 4ಕ್ಕೆ ಗ್ರಿಲ್ ಮತ್ತು ಪಾರ್ಕಿಂಗ್ ಲೈಟ್ ಬೇರೆ, ಹಾಗಾಗಿ ಹೊರಮುಖ ನಮ್ಮ ಹಳೇದನ್ನೇ ರಿಪೇರಿ ಮಾಡಿ ಉಳಿಸಿಕೊಂಡೆವು. ಒಳಗಿನ ಕಾಲು, ಏಪ್ರನ್ ಅಳತೆಗೆ ಸರಿಯಾಗಿ ಕೂತವು.

ಟಿಂಕರಿಂಗ್ (ಬಾಡಿ ಶೀಟು ಕೆಲಸದ) ಮೇಸ್ತ್ರಿ ವಯಸ್ಸಾದವರು, ಮಾತು ಕಡಿಮೆ. ನಾನು ಪೇಂಟ್‌ಗೆ ಅನುಕೂಲ ಆಗಲಿ ಅಂತ ಡೋರ್ ಬಿಚ್ಚೋಣ್ವಾ ಅಂತ ಕೇಳಿದ್ದಕ್ಕೆ, "ಬೇಡ ಸಾರ್, ಡೋರ್ ಇರಲಿ. ಡೋರ್ ಇದ್ರೇನೇ ಗೊತ್ತಾಗೋದು" ಅಂದರು. ಮುಂಭಾಗ ಕತ್ತರಿಸಿದ ಮೇಲೆ ಉಳಿದ ಬಾಡಿ ಒಂದು ಕೂದಲಷ್ಟು ತಿರುಚಿದರೂ ಡೋರ್ ಸಂದು ಹೇಳಿಬಿಡುತ್ತದೆ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎಂಜಿನ್ ಇಳಿಸಿ, ಟಾರ್ಷನ್ ಬಾರ್‌ಗಳ ಬಿಗಿ ಪೂರ್ತಿ ಸಡಿಲ ಮಾಡಿದರು. ಇದು ತುಂಬಾ ಮುಖ್ಯ. ಇದರಲ್ಲಿ ಮುಂದಿನ ಚಕ್ರಕ್ಕೆ ಕಾಯಿಲ್ ಸ್ಪ್ರಿಂಗ್ ಇಲ್ಲ, ಕೆಳಗೆ ಉದ್ದಕ್ಕೆ ಹಿಂದಕ್ಕೆ ಹೋಗುವ ಕಬ್ಬಿಣದ ಬಾರ್‌ಗಳು ತಿರುಚಿಕೊಂಡು ಭಾರ ಹೊರುತ್ತವೆ, ಆ ಬಿಗಿ ಇರುವಾಗ ಕತ್ತರಿ ಹಾಕಿದರೆ ಲೋಹ ಜರುಗುತ್ತೆ, ಕೈಗೂ ಅಪಾಯ.

ಅಳತೆ ಮಾಡಿದ ರೀತಿ ನನಗೆ ಇವತ್ತಿಗೂ ಇಷ್ಟ. ಗಾರೆ ಕೆಲಸದವರ ತೂಕದ ಗುಂಡು ತಂದರು. ಕಾಲುಗಳ ಮೇಲಿನ ಒಂದೊಂದು ತೂತಿನಿಂದಲೂ ದಾರ ಇಳಿಬಿಟ್ಟು, ಗುಂಡಿನ ಮೊನೆ ನಿಂತ ಜಾಗದಲ್ಲಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಆಮೇಲೆ ಎಡಮುಂದಿನಿಂದ ಬಲಹಿಂದಕ್ಕೆ, ಬಲಮುಂದಿನಿಂದ ಎಡಹಿಂದಕ್ಕೆ ಟೇಪ್ ಎಳೆದರು. ಎರಡೂ ಒಂದೇ ಬರಬೇಕು. ಬರುವವರೆಗೂ ಕ್ಲ್ಯಾಂಪ್ ಬಿಚ್ಚಿ ಹಾಕಿ ಮಾಡಿದರು. ಮಡ್‌ಗಾರ್ಡ್, ಬಾನೆಟ್ ಸುಮ್ನೆ ಇಟ್ಟು ನೋಡಿ, ಸಂದು ಸರಿ ಅನಿಸಿದ ಮೇಲೆಯೇ ವೆಲ್ಡಿಂಗ್ ಮುಟ್ಟಿದ್ದು. ಕಂಪನಿಯ ಜೋಡಣೆಯಲ್ಲೇ ಸ್ಪಾಟ್‌ಗಳನ್ನು (ಶೀಟು ಸೇರಿಸಿದ ಚುಕ್ಕೆ ವೆಲ್ಡ್‌ಗಳನ್ನು) ಡ್ರಿಲ್ ಮಾಡಿ ಬಿಡಿಸಿದ್ದರಿಂದ ಹೊಸ ಕಾಲೂ ಅದೇ ಜಾಗಕ್ಕೆ ಬಂತು. ಆ ತೂತುಗಳನ್ನೇ ಸಿಓಟು ವೆಲ್ಡಿಂಗ್‌ನಲ್ಲಿ (ಬೆಂಕಿ ಬದಲು ಕರೆಂಟಿನಲ್ಲಿ ಮಾಡುವ ವೆಲ್ಡಿಂಗ್) ತುಂಬಿದರು, ಅದೂ ಒಂದು ಇಲ್ಲಿ, ಒಂದು ಅಲ್ಲಿ, ಶೀಟು ಆರೋಕೆ ಬಿಟ್ಟು. ಗ್ಯಾಸ್ ವೆಲ್ಡಿಂಗ್ ಮಾಡಿದ್ದರೆ ಅದರ ಬೆಂಕಿ ಅಗಲಕ್ಕೆ ಕಾಯಿಸುತ್ತದೆ, ತೆಳು ಶೀಟು ಸೊಟ್ಟಗಾಗುತ್ತದೆ.

ಈಗ ಬಳಕೆಯ ವಿಷಯ. ಟೈರ್ ಎರಡೂ ಕಡೆ ಒಂದೇ ಸಮ ಸವೆಯುತ್ತಿದೆ. ಖಾಲಿ ರಸ್ತೆಯಲ್ಲಿ ಸ್ಟೇರಿಂಗ್ ಸಡಿಲ ಹಿಡಿದರೂ ನೇರ ಹೋಗುತ್ತದೆ. ಮೊದಲು ಗುಂಡಿಗೆ ಇಳಿದಾಗ ಡ್ಯಾಶ್‌ಬೋರ್ಡ್ ಕೆಳಗಿನಿಂದ ಒಂದು ಕಟಕಟ ಬರುತ್ತಿತ್ತು, ಅದು ನಿಂತೇಹೋಗಿದೆ. ವರ್ಷಕ್ಕೊಮ್ಮೆ ಗಾಡಿ ಎತ್ತಿ ವೆಲ್ಡ್‌ಗಳನ್ನೆಲ್ಲ ಬ್ರಷ್ ಹಾಕಿ ನೋಡುತ್ತೇನೆ, ಕೂದಲಷ್ಟೂ ಬಿರುಕಿಲ್ಲ.

ಕೊರತೆಗಳೂ ಇವೆ. ಎಡ ಹೆಡ್‌ಲೈಟ್ ಹಿಂದಿನ ಸಂದಿನಲ್ಲಿ ಸೀಲರ್ ತುಂಬದೆ ಹಾಗೇ ಪೇಂಟ್ ಹೊಡೆದಿದ್ದರು. ಚಕ್ರ ಎರಚಿದ ಕೆಸರುನೀರು ಅಲ್ಲಿ ನಿಂತು ಪೇಂಟ್ ಗುಳ್ಳೆ ಎದ್ದಿತು. ಕೆರೆಸಿ, ಜಿಂಕ್ ಪ್ರೈಮರ್ ಹಾಕಿಸಿ, ಸೀಲರ್ ತುಂಬಿಸಿ, ಕಾಲುಗಳ ಪೊಳ್ಳು ಒಳಗೆಲ್ಲ ವ್ಯಾಕ್ಸ್ ಸ್ಪ್ರೇ ಮಾಡಿಸಿದ ಮೇಲೆ ನಿಂತಿತು. ಇದನ್ನು ಪೇಂಟ್‌ಗೆ ಮೊದಲೇ ಮಾಡಬೇಕಿತ್ತು, ಬಿಲ್‌ನಲ್ಲೂ ಬರೆದಿದ್ದರು, ಅದು ನನಗೆ ಬೇಜಾರು. ಇನ್ನೊಂದು, ಹೊಸ ಮುಂಭಾಗಕ್ಕೆ ದಪ್ಪಗೆ ಪೇಂಟ್ ಹೊಡೆದು ಅದರ ಮೇಲೇ ಅರ್ಥ್ ವೈರ್ ಬೋಲ್ಟ್ ಮಾಡಿದ್ದರು. ಹೆಡ್‌ಲೈಟ್ ಮಂಕು, ಹಾರ್ನ್ ಕೆಮ್ಮಿದ ಹಾಗೆ. ಬೋಲ್ಟ್ ಜಾಗ ಬರೀ ಲೋಹಕ್ಕೆ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಹಚ್ಚಿದ್ದೇ ತಡ ಎರಡೂ ಸರಿಹೋದವು. ನಿಮ್ಮ ಗಾಡಿಗೆ ಹೀಗಾದರೆ ಡೈನಮೋ (ಕರೆಂಟ್ ಹುಟ್ಟಿಸುವ ಯಂತ್ರ) ಬಿಚ್ಚಿಸುವ ಮುಂಚೆ ಇದನ್ನು ನೋಡಿ.

ಖರ್ಚು ಕಟಿಂಗ್, ಕೂಲಿ, ಮುಂದಿನ ಪೇಂಟ್ ಸೇರಿ ಒಂದೂವರೆ ಲಕ್ಷದ ಆಸುಪಾಸು. ಜಾಸ್ತಿನೇ, ಆದರೆ ಇದಕ್ಕೂ ಮೊದಲು ಟೈರ್, ಅಲೈನ್‌ಮೆಂಟ್, ಪುಟ್ಟಿ ಅಂತ ಸುರಿದ ದುಡ್ಡಿನಿಂದ ಏನೂ ಆಗಿರಲಿಲ್ಲ, ಇದರಿಂದ ಆಯಿತು.

ಮಾಡಿಸುವವರು ಕಾಗದಪತ್ರದ ಕಡೆಯೂ ಗಮನ ಕೊಡಿ. ನಿಮ್ಮ ಗಾಡಿಯ ಛಾಸಿ ನಂಬರ್ ಹೊಡೆದ ಜಾಗಕ್ಕೆ ಗ್ರೈಂಡರ್ ತಾಗಬಾರದು, ತಂದ ಕಟಿಂಗ್‌ನಲ್ಲಿ ಬೇರೆ ಗಾಡಿಯ ನಂಬರ್ ಇರಲೂಬಾರದು. ಗುಜರಿಯವರ ಹತ್ತಿರ ರಸೀದಿ ಕೇಳಿ ಇಟ್ಟುಕೊಳ್ಳಿ. 50 ವರ್ಷ ದಾಟಿದ ಗಾಡಿಗೆ 2021ರ ಕೇಂದ್ರದ ನಿಯಮದಲ್ಲಿ ವಿಂಟೇಜ್ ನೋಂದಣಿ ಸಿಗುತ್ತದೆ, ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಛಾಸಿ, ಬಾಡಿ ಶೆಲ್, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಇರಬಾರದು. ಅದಕ್ಕೆ ಅರ್ಜಿ ಹಾಕುವ ಯೋಚನೆ ಇದ್ದರೆ ಕತ್ತರಿ ಹಾಕಿಸುವ ಮೊದಲೇ ಆರ್‌ಟಿಒದಲ್ಲಿ ಕೇಳಿ, ಕೆಲಸದ ಒಂದೊಂದು ಹಂತಕ್ಕೂ ಫೋಟೋ ತೆಗೆದಿಡಿ.